ಹತ್ತು ಪಂದ್ಯಗಳ ತೀರ್ಪು: ಸ್ಟ್ರೈಕರ್‌ನ ವೃತ್ತಿಜೀವನವನ್ನು ಗೋಲಿನ ಲೆಕ್ಕವೊಂದರಿಂದಲೇ ಅಳೆಯಬಹುದೇ?

2025ರ ಸೆಪ್ಟೆಂಬರ್ 1, ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಟಗಾರರ ವರ್ಗಾವಣೆ ಅವಧಿಯ ಕೊನೆಯ ದಿನ. ಅಂದು ಲಿವರ್‌ಪೂಲ್ ಕ್ಲಬ್ 12.5 ಕೋಟಿ ಪೌಂಡ್ ಕೊಟ್ಟು ಸ್ವೀಡನ್ನಿನ ಸ್ಟ್ರೈಕರ್ (ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ಮುಂಚೂಣಿ ಆಟಗಾರ) ಅಲೆಕ್ಸಾಂಡರ್ ಇಸಾಕ್ ಅವರನ್ನು ನ್ಯೂಕ್ಯಾಸಲ್‌ನಿಂದ ಕರೆತಂದಿತು. ಬ್ರಿಟನ್ನಿನ ಯಾವ ಕ್ಲಬ್ಬೂ ಒಬ್ಬನೇ ಆಟಗಾರನಿಗೆ ಅಷ್ಟು ಹಣವನ್ನು ಅದುವರೆಗೆ ತೆತ್ತಿರಲಿಲ್ಲ. ಅದೇ ಬೇಸಿಗೆಯಲ್ಲಿ ಯೂಗೋ ಎಕಿಟಿಕೆ ಕೂಡ ಲಿವರ್‌ಪೂಲ್‌ಗೆ ಬಂದಿದ್ದರು; ವಿಕ್ಟರ್ ಗ್ಯೋಕೆರೆಸ್ ಆರ್ಸೆನಲ್‌ಗೆ, ಬೆಂಜಮಿನ್ ಶೆಶ್ಕೊ ಮ್ಯಾಂಚೆಸ್ಟರ್ ಯುನೈಟೆಡ್‌ಗೆ, ನಿಕ್ ವೋಲ್ಟೆಮಾಡೆ ನ್ಯೂಕ್ಯಾಸಲ್‌ಗೆ ಸೇರಿದ್ದರು. ಎಲ್ಲರೂ ಸ್ಟ್ರೈಕರ್‌ಗಳೇ. ಗೋಲು ಹೊಡೆಯಬಲ್ಲವನಿಗಾಗಿ ದೊಡ್ಡ ಕ್ಲಬ್‌ಗಳು ಹೀಗೆ ಏಕಕಾಲಕ್ಕೆ ಮುಗಿಬಿದ್ದುದಕ್ಕೆ ಹಿನ್ನೆಲೆಯೊಂದಿದೆ.

2009ರ ಮೇ ತಿಂಗಳಲ್ಲಿ ಬಾರ್ಸಿಲೋನಾ ತಂಡ ಲಿಯೊನೆಲ್ ಮೆಸ್ಸಿಯವರನ್ನು ಮುಂಚೂಣಿಯ ನಡುವೆ ನಿಲ್ಲಿಸಿ, ಅಲ್ಲಿಂದ ಹಿಂದೆ ಸರಿಯಲು ಬಿಟ್ಟು, ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರ ಮೈದಾನದಲ್ಲೇ 6-2ರಿಂದ ಸೋಲಿಸಿತು. 2012ರ ಯೂರೊ ಕಪ್ ಫೈನಲ್‌ನಲ್ಲಿ ಸ್ಪೇನ್, ಮಿಡ್‌ಫೀಲ್ಡರ್ ಸೆಸ್ಕ್ ಫಾಬ್ರಿಗಾಸ್ ಅವರನ್ನೇ ಮುಂದೆ ನಿಲ್ಲಿಸಿ ಇಟಲಿಯನ್ನು 4-0ರಿಂದ ಮಣಿಸಿತು. ಅಪ್ಪಟ ಸ್ಟ್ರೈಕರ್ ಇಲ್ಲದೆಯೂ ಗೆಲ್ಲಬಹುದು ಎಂಬ ನಂಬಿಕೆ ಅಲ್ಲಿಂದ ಬೇರೂರಿತು. ಹಲವು ಅಕಾಡೆಮಿಗಳಲ್ಲಿ ಚುರುಕಾದ ಹುಡುಗರೆಲ್ಲ ಮೈದಾನದ ಅಂಚಿನಲ್ಲಿ ಆಡುವ ವಿಂಗರ್‌ಗಳಾಗಿ ಇಲ್ಲವೇ ಚೆಂಡನ್ನು ಹಿಡಿದಿಟ್ಟು ಆಡುವ ಮಿಡ್‌ಫೀಲ್ಡರ್‌ಗಳಾಗಿ ಬೆಳೆದರು. ಮುಂದೆ ರಕ್ಷಣಾ ಸಾಲುಗಳು ಬಿಗಿಯಾಗಿ, ಎದುರಾಳಿಗಳು ತಮ್ಮ ಪೆನಾಲ್ಟಿ ಆವರಣದೊಳಗೇ ಕಿಕ್ಕಿರಿದು ನಿಲ್ಲಲು ಕಲಿತ ಮೇಲೆ, ಆ ಇಕ್ಕಟ್ಟಿನಲ್ಲಿ ಜಾಗ ಹುಡುಕಿ ಒಂದೇ ಸ್ಪರ್ಶಕ್ಕೆ ಚೆಂಡನ್ನು ಗೂಡಿಗೆ ಸೇರಿಸುವವರ ಕೊರತೆ ಎಲ್ಲರ ಕಣ್ಣಿಗೂ ಬಿತ್ತು. ಬೆಲೆ ಏರಿದ್ದು ಆ ಕೊರತೆಯಿಂದ.

ಬೆಲೆಯ ಅಬ್ಬರದಲ್ಲಿ ಒಂದು ಸಂಗತಿ ಮರೆಗೆ ಸರಿಯಿತು. ಇದೇ ಇಸಾಕ್ ಸ್ಪೇನಿನ ರಿಯಲ್ ಸೊಸಿಯೆಡಾಡ್ ತಂಡದಲ್ಲಿದ್ದಾಗ 2020-21ರ ಲೀಗ್‌ನಲ್ಲಿ 17 ಗೋಲು ಹೊಡೆದಿದ್ದರು; ಮರುವರ್ಷ ಅದೇ ತಂಡದ ಪರ ಬರೀ 6 ಗೋಲು ಹೊಡೆದರು. ಗೋಲಿನ ಲೆಕ್ಕವನ್ನಷ್ಟೇ ನೋಡುವವರಿಗೆ ಆತ ಒಂದು ಋತುವಿನಲ್ಲಿ ಮಿಂಚಿ ಮರೆಯಾದ ಹುಡುಗನಂತೆ ಕಂಡಿರಬೇಕು. ಆದರೆ ಆ ಆರು ಗೋಲುಗಳ ಋತು ಮುಗಿದ ಕೆಲವೇ ತಿಂಗಳಲ್ಲಿ ನ್ಯೂಕ್ಯಾಸಲ್, ಆಗಿನ ತನ್ನ ಕ್ಲಬ್ ದಾಖಲೆಯಾದ ಸುಮಾರು 6 ಕೋಟಿ ಪೌಂಡ್ ಕೊಟ್ಟು ಅವರನ್ನು ಕೊಂಡಿತು. ಅಲ್ಲಿ ಮೊದಲ ವರ್ಷ ಗಾಯದ ನಡುವೆಯೂ ಲೀಗ್‌ನಲ್ಲಿ 10, ನಂತರ 21, ನಂತರ 23 ಗೋಲುಗಳು ಬಂದವು. ನ್ಯೂಕ್ಯಾಸಲ್‌ನವರು ಆ ಆರರ ಹಿಂದೆ ಬೇರೇನನ್ನೋ ನೋಡಿದ್ದರು ಎಂಬುದು ಸ್ಪಷ್ಟ. ಸ್ಟ್ರೈಕರ್‌ಗಳ ವೃತ್ತಿಜೀವನದ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಯ ತಿರುಳು ಇಲ್ಲಿದೆ ಎಂದು ನಾನು ಭಾವಿಸುತ್ತೇನೆ. ಫುಟ್‌ಬಾಲ್‌ನಲ್ಲಿ ಬೇರೆ ಯಾವ ಸ್ಥಾನದ ಆಟಗಾರನನ್ನೂ ಇಷ್ಟು ಕಡಿಮೆ ಮಾಹಿತಿಯ ಮೇಲೆ, ಇಷ್ಟು ಬೇಗ, ಇಷ್ಟು ನಿಷ್ಠುರವಾಗಿ ತೂಗುವುದಿಲ್ಲ. ಅವನ ಇಡೀ ಬದುಕನ್ನು ನಿರ್ಧರಿಸುವ ಆ ಒಂದು ಅಂಕಿ, ಅಲ್ಪಾವಧಿಯಲ್ಲಿ ನೋಡಿದಾಗ, ಅವನ ಸಾಮರ್ಥ್ಯದ ಬಗ್ಗೆ ಹೇಳುವುದು ಬಹಳ ಕಡಿಮೆ.

ಇದನ್ನು ಸರಳ ಲೆಕ್ಕದಿಂದಲೇ ತೋರಿಸಬಹುದು. ಗೋಲಿನತ್ತ ಹೊಡೆದ ಹತ್ತು ಹೊಡೆತಗಳಲ್ಲಿ ಸರಾಸರಿ ಒಂದು ಮಾತ್ರ ಗೋಲಾಗುತ್ತದೆ. ಎದುರಿಗೆ ಗೋಲ್‌ಕೀಪರ್ ಒಬ್ಬನೇ ಇರುವ ಪೆನಾಲ್ಟಿಯಲ್ಲಿ ಕೂಡ ನಾಲ್ಕರಲ್ಲಿ ಒಂದರಷ್ಟು ವ್ಯರ್ಥವಾಗುತ್ತದೆ. ಈಗ 38 ಪಂದ್ಯಗಳ ಲೀಗ್‌ನಲ್ಲಿ ಸರಾಸರಿ 15 ಗೋಲು ಹೊಡೆಯುವ ಸಾಮರ್ಥ್ಯವುಳ್ಳ ಸ್ಟ್ರೈಕರ್ ಒಬ್ಬನನ್ನು ಊಹಿಸಿಕೊಳ್ಳೋಣ. ಅವನ ಆಟದಲ್ಲಿ, ದೇಹದಲ್ಲಿ, ತಂಡದಲ್ಲಿ ಏನೊಂದೂ ಬದಲಾಗದಿದ್ದರೂ ಬರೀ ಆಕಸ್ಮಿಕದ ಏರಿಳಿತದಿಂದಲೇ ಅವನ ಗೋಲುಗಳು ನಾಲ್ಕರಲ್ಲಿ ಮೂರು ಋತುಗಳಲ್ಲಿ 11ರಿಂದ 19ರ ನಡುವೆ ಎಲ್ಲೋ ನಿಲ್ಲುತ್ತವೆ. ನಾಲ್ಕನೆಯ ಋತುವಿನಲ್ಲಿ ಆ ಮಿತಿಯನ್ನೂ ಮೀರಿ ಕೆಳಗೋ ಮೇಲೋ ಹೋಗುತ್ತವೆ. ಅಂದರೆ ಒಬ್ಬನೇ ಆಟಗಾರ ಒಂದು ವರ್ಷ 11 ಗೋಲಿನವನಾಗಿ ಬೆಂಚು ಕಾಯಬಹುದು, ಇನ್ನೊಂದು ವರ್ಷ 19 ಗೋಲಿನವನಾಗಿ ರಾಷ್ಟ್ರೀಯ ತಂಡಕ್ಕೆ ಕರೆ ಪಡೆಯಬಹುದು. ಅವಧಿ ಚಿಕ್ಕದಾದಷ್ಟೂ ಏರಿಳಿತ ಜೋರಾಗುತ್ತದೆ. ಇದೇ ಆಟಗಾರ ಯಾವುದೇ ಹತ್ತು ಪಂದ್ಯಗಳಲ್ಲಿ ಒಂದೇ ಗೋಲು ಹೊಡೆಯುವ ಅಥವಾ ಒಂದೂ ಹೊಡೆಯದಿರುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ಸತತ ಐದು ಪಂದ್ಯಗಳ ಬರ ಅವನಿಗೆ ಐದರಲ್ಲಿ ಸುಮಾರು ನಾಲ್ಕು ಋತುಗಳಲ್ಲಿ ಒಮ್ಮೆಯಾದರೂ ಬಂದೇ ಬರುತ್ತದೆ.

ಪತ್ರಿಕೆಗಳು ‘ಲಯ ಕಳೆದುಕೊಂಡ ಸ್ಟ್ರೈಕರ್’ ಎಂದು ತಲೆಬರಹ ಕೊಡುವುದು ಸಾಮಾನ್ಯವಾಗಿ ಈ ಐದು ಪಂದ್ಯಗಳ ಬರಕ್ಕೆ. ಕೋಚ್‌ಗಳೂ ಅಷ್ಟರೊಳಗೇ ತಾಳ್ಮೆ ಕಳೆದುಕೊಳ್ಳುತ್ತಾರೆ, ಏಕೆಂದರೆ ಅವರ ಹುದ್ದೆಯೂ ಮುಂದಿನ ಐದು ಪಂದ್ಯಗಳ ಮೇಲೆಯೇ ನಿಂತಿರುತ್ತದೆ. ಸ್ಟ್ರೈಕರ್‌ನನ್ನು ಬೆಂಚಿಗೆ ಕಳುಹಿಸುತ್ತಾರೆ. ಅವನ ಜಾಗಕ್ಕೆ ಬಂದವನು ಅದೃಷ್ಟವಶಾತ್ ಎರಡು ಗೋಲು ಹೊಡೆದರೆ ಹಳಬನ ಜಾಗ ಹೋಯಿತೆಂದೇ ಅರ್ಥ. 2020ರಲ್ಲಿ ತಾತ್ಕಾಲಿಕವಾಗಿ ಬಂದು 2022ರಿಂದ ಕಾಯಂ ಆದ ಐದು ಬದಲಿ ಆಟಗಾರರ ನಿಯಮ ಈ ಒತ್ತಡವನ್ನು ಇನ್ನಷ್ಟು ಹೆಚ್ಚಿಸಿದೆ. ಅರವತ್ತನೆಯ ನಿಮಿಷಕ್ಕೆ ಗೋಲು ಬಂದಿಲ್ಲವೆಂದರೆ ಮೊದಲು ಹೊರಬರುವವನು ಬಹುತೇಕ ಸ್ಟ್ರೈಕರನೇ. ಎದುರಾಳಿ ಡಿಫೆಂಡರ್‌ಗಳು ದಣಿದು ಜಾಗ ತೆರೆದುಕೊಳ್ಳುವ ಕೊನೆಯ ಅರ್ಧ ಗಂಟೆ ಅವನ ಕೈತಪ್ಪಿ ಹೋಗುತ್ತದೆ.

ಹಾಗಾದರೆ ನೋಡಬೇಕಾದದ್ದು ಏನನ್ನು? ಗೋಲಿಗೆ ಮುಂಚಿನ ಎರಡು ಕ್ಷಣಗಳನ್ನು. ಬಲಬದಿಯಿಂದ ವಿಂಗರ್ ಚೆಂಡನ್ನು ಗೋಲಿನ ಮುಂದಕ್ಕೆ ಕ್ರಾಸ್ ಮಾಡಲು ಕಾಲೆತ್ತುವ ಹೊತ್ತನ್ನು ಗಮನಿಸಿ. ಒಳ್ಳೆಯ ಸ್ಟ್ರೈಕರ್ ಆಗ ಚೆಂಡಿನ ಕಡೆಗೆ ಓಡುವುದಿಲ್ಲ. ದೂರದ ಗೋಲುಕಂಬದತ್ತ ಎರಡು ಹೆಜ್ಜೆ ಸರಿದು ಡಿಫೆಂಡರ್‌ನ ಬೆನ್ನ ಹಿಂದೆ ಹೋಗುತ್ತಾನೆ. ಡಿಫೆಂಡರ್ ಈಗ ಚೆಂಡನ್ನು ನೋಡಬೇಕು ಇಲ್ಲವೇ ಇವನನ್ನು ನೋಡಬೇಕು, ಎರಡನ್ನೂ ಒಟ್ಟಿಗೆ ನೋಡುವಂತಿಲ್ಲ. ಅವನ ತಲೆ ಚೆಂಡಿನತ್ತ ತಿರುಗಿದ ಆ ಅರ್ಧ ಸೆಕೆಂಡಿನಲ್ಲಿ ಸ್ಟ್ರೈಕರ್ ಸರಕ್ಕನೆ ದಿಕ್ಕು ಬದಲಿಸಿ, ಡಿಫೆಂಡರ್‌ನ ಎದುರಿನಿಂದ ಹಾಯ್ದು ಹತ್ತಿರದ ಕಂಬದ ಬಳಿ ಚೆಂಡಿಗೆ ಕಾಲು ಕೊಡುತ್ತಾನೆ. ಇಷ್ಟೆಲ್ಲ ಮಾಡುವಾಗ, ಪಾಸ್ ಹೊರಡುವ ಕ್ಷಣಕ್ಕೆ, ಚೆಂಡಿಗಿಂತ ಮುಂದಿದ್ದರೆ ಎದುರಾಳಿಯ ಕೊನೆಯಿಂದ ಎರಡನೆಯ ಆಟಗಾರನಿಗಿಂತ ಮುಂದೆ ಇರಕೂಡದೆಂಬ ಆಫ್‌ಸೈಡ್ ಗೆರೆಯೂ ಅವನ ಲೆಕ್ಕದಲ್ಲಿರಬೇಕು. ವೀಡಿಯೊ ಪರಿಶೀಲನೆ ಬಂದ ಮೇಲಂತೂ ಹೆಗಲಿನಷ್ಟು ಮುಂದಿದ್ದರೂ ಗೋಲು ರದ್ದಾಗುತ್ತದೆ. ಹೀಗೆ ಓಡಿದ ಹತ್ತು ಬಾರಿಯಲ್ಲಿ ಏಳೆಂಟು ಬಾರಿ ಕ್ರಾಸ್ ಬರುವುದೇ ಇಲ್ಲ, ಅಥವಾ ಬಂದರೂ ಬೇರೆಡೆಗೆ ಹೋಗುತ್ತದೆ. ಆ ಓಟಗಳು ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ಆದರೆ ಅದೇ ಅವನ ನಿಜವಾದ ಕಸುಬು, ಮತ್ತು ಗೋಲುಗಳಂತೆ ಅದು ವರ್ಷದಿಂದ ವರ್ಷಕ್ಕೆ ಹುಚ್ಚೆದ್ದು ಏರಿಳಿಯುವುದಿಲ್ಲ.

ಹೊಡೆತ ಎಲ್ಲಿಂದ ಹೊರಟಿತು, ಕಾಲಿನಿಂದಲೋ ತಲೆಯಿಂದಲೋ, ನಡುವೆ ಎಷ್ಟು ಜನರಿದ್ದರು ಎಂಬುದನ್ನೆಲ್ಲ ಸಾವಿರಾರು ಹಳೆಯ ಹೊಡೆತಗಳೊಂದಿಗೆ ಹೋಲಿಸಿ ಆ ಅವಕಾಶದ ಮೌಲ್ಯವನ್ನು ಅಳೆಯುವ ‘ನಿರೀಕ್ಷಿತ ಗೋಲು’ ಎಂಬ ಅಳತೆ ಹುಟ್ಟಿದ್ದು ಇದಕ್ಕಾಗಿಯೇ. ಒಳ್ಳೆಯ ಅವಕಾಶಗಳು ಒಬ್ಬನಿಗೆ ಮತ್ತೆ ಮತ್ತೆ ಸಿಗುತ್ತಿವೆಯೆಂದರೆ, ಈ ತಿಂಗಳು ಅವು ಕಂಬಕ್ಕೆ ಬಡಿದಿದ್ದರೂ ಮುಂದಿನ ತಿಂಗಳು ಗೋಲಾಗುವ ಸಂಭವ ಹೆಚ್ಚು. ಇಸಾಕ್ ಅವರ 17 ಮತ್ತು 6ರ ನಡುವಿನ ಅಂತರವೆಲ್ಲ ಅದೃಷ್ಟದ ಆಟವೆಂದು ನಾನು ಹೇಳುತ್ತಿಲ್ಲ. ತಂಡದ ಆಟ, ವಯಸ್ಸು, ಆತ್ಮವಿಶ್ವಾಸ ಎಲ್ಲವೂ ಅಲ್ಲಿ ಸೇರಿಕೊಂಡಿವೆ. ಆದರೆ ಆ ಎರಡು ಅಂಕಿಗಳಲ್ಲಿ ಯಾವುದೋ ಒಂದು ‘ನಿಜವಾದ’ ಇಸಾಕ್ ಎಂದು ಭಾವಿಸುವುದು ತಪ್ಪು.

ಗೋಲು ಒಬ್ಬನ ಹೆಸರಿಗೆ ದಾಖಲಾದರೂ ಅದು ಹುಟ್ಟುವುದು ಹಲವರ ಕಾಲಲ್ಲಿ. ಇದಕ್ಕೆ ಕರೀಂ ಬೆಂಜೆಮಾ ಅವರಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. 2017-18ರ ಸ್ಪ್ಯಾನಿಷ್ ಲೀಗ್‌ನಲ್ಲಿ ಅವರು ಹೊಡೆದದ್ದು 5 ಗೋಲು. ರಿಯಲ್ ಮ್ಯಾಡ್ರಿಡ್‌ನಂಥ ತಂಡದ ಸ್ಟ್ರೈಕರ್‌ಗೆ ಅದು ನಾಚಿಕೆಗೇಡಿನ ಲೆಕ್ಕವೆಂದು ಟೀಕಾಕಾರರು ಹರಿಹಾಯ್ದರು. ತವರಿನ ಪ್ರೇಕ್ಷಕರೇ ಅವರತ್ತ ಶಿಳ್ಳೆ ಹೊಡೆದು ಅಸಮಾಧಾನ ತೋರಿದರು. ಆಗ ಅವರಿಗೆ ಮೂವತ್ತು ವರ್ಷ. ಇನ್ನು ಇಳಿಗಾಲವೇ ಎಂದು ಹೇಳಲು ಯಾರಿಗೂ ಕಷ್ಟವಾಗುತ್ತಿರಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಯುವೆಂಟಸ್‌ಗೆ ಹೋದರು. ಅಲ್ಲಿಯವರೆಗೆ ಡಿಫೆಂಡರ್‌ಗಳನ್ನು ತನ್ನತ್ತ ಸೆಳೆದು, ರೊನಾಲ್ಡೊಗೆ ದಾರಿ ಬಿಡಿಸಿ, ಚೆಂಡನ್ನು ಅವರ ಕಾಲಿಗೆ ಒಪ್ಪಿಸುವುದು ಬೆಂಜೆಮಾ ಅವರ ಹೊಣೆಯಾಗಿತ್ತು. ಆ ಹೊಣೆ ಬದಲಾದ ಮರುವರ್ಷವೇ ಲೀಗ್‌ನಲ್ಲಿ 21 ಗೋಲು, ನಂತರ ಮತ್ತೆ 21, ನಂತರ 23, ನಂತರ 27. 2022ರಲ್ಲಿ, 34ನೆಯ ವಯಸ್ಸಿನಲ್ಲಿ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಅವರ ಕೈಗೆ ಬಂತು. ಅದೇ ಮನುಷ್ಯ, ಅದೇ ಕ್ಲಬ್, ಅದೇ ಕಾಲುಗಳು. ಐದು ಗೋಲಿನ ಆ ವರ್ಷವೂ ಅವರು ಚೆನ್ನಾಗಿಯೇ ಆಡುತ್ತಿದ್ದರು. ಆ ತಂಡ ಅದೇ ಋತುವಿನಲ್ಲಿ ಯುರೋಪಿನ ಅಗ್ರ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಗೆದ್ದಿತು, ಫೈನಲ್‌ನ ಮೊದಲ ಗೋಲೂ ಅವರದೇ.

ಇದಕ್ಕೆ ತದ್ವಿರುದ್ಧದ ಕಥೆ ಫರ್ನಾಂಡೊ ಟೊರೆಸ್ ಅವರದು. ಲಿವರ್‌ಪೂಲ್ ಪರ 142 ಪಂದ್ಯಗಳಲ್ಲಿ 81 ಗೋಲು ಹೊಡೆದಿದ್ದ ಅವರನ್ನು ಚೆಲ್ಸಿ 2011ರ ಜನವರಿ 31ರಂದು 5 ಕೋಟಿ ಪೌಂಡ್‌ಗೆ ಕೊಂಡಿತು. ಅದು ಆಗಿನ ಬ್ರಿಟಿಷ್ ದಾಖಲೆ. ಚೆಲ್ಸಿಯಲ್ಲಿ 172 ಪಂದ್ಯಗಳಲ್ಲಿ ಬಂದದ್ದು 45 ಗೋಲು. ಚೆಲ್ಸಿ ಕೊಂಡದ್ದು ಕಳೆದ ನಾಲ್ಕು ವರ್ಷಗಳ ಗೋಲುಗಳನ್ನು. ಅಂಗಳಕ್ಕಿಳಿದದ್ದು ಹಿಂದಿನ ವರ್ಷವಷ್ಟೇ ಮಂಡಿ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಮೊದಲಿನ ಮೊನಚು ಕಳೆದುಕೊಂಡಿದ್ದ ಒಬ್ಬ ಆಟಗಾರ. ಲಿವರ್‌ಪೂಲ್‌ನಲ್ಲಿ ಸ್ಟೀವನ್ ಜೆರಾರ್ಡ್ ಡಿಫೆಂಡರ್‌ಗಳ ಹಿಂದಿನ ಖಾಲಿ ಜಾಗಕ್ಕೆ ಚೆಂಡು ಕಳುಹಿಸುತ್ತಿದ್ದರು, ಟೊರೆಸ್ ಅದನ್ನು ಬೆನ್ನಟ್ಟುತ್ತಿದ್ದರು. ಚೆಲ್ಸಿಯ ಎದುರಾಳಿಗಳು ಆ ಜಾಗವನ್ನೇ ಬಿಡುತ್ತಿರಲಿಲ್ಲ. 2012ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ, ಬಾರ್ಸಿಲೋನಾದ ಆಟಗಾರರೆಲ್ಲ ಮುಂದೆ ನುಗ್ಗಿದ್ದಾಗ, ಅರ್ಧ ಮೈದಾನ ಖಾಲಿ ಸಿಕ್ಕ ಒಂದೇ ಬಾರಿ ಅವರು ಒಂಟಿಯಾಗಿ ಓಡಿ ಗೋಲ್‌ಕೀಪರ್‌ನನ್ನು ದಾಟಿ ಗೋಲು ಹೊಡೆದದ್ದನ್ನು ನೆನೆದರೆ, ಆ ವರ್ಗಾವಣೆಯ ತಪ್ಪು ಎಲ್ಲಿತ್ತೆಂದು ತಿಳಿಯುತ್ತದೆ.

ವೃತ್ತಿಯ ಆರಂಭದಲ್ಲಿ ಈ ಅವಸರದ ತೀರ್ಪು ಇನ್ನೂ ದುಬಾರಿ. ದೊಡ್ಡ ಕ್ಲಬ್‌ಗಳು ಹದಿನೆಂಟು, ಹತ್ತೊಂಬತ್ತರ ಸ್ಟ್ರೈಕರ್‌ಗಳನ್ನು ಸಣ್ಣ ಕ್ಲಬ್‌ಗಳಿಗೆ ಎರವಲು ಕೊಡುತ್ತವೆ. ಅಲ್ಲಿಯ ಕೋಚ್‌ಗೆ ಆ ಹುಡುಗ ಬೆಳೆಯುವುದಕ್ಕಿಂತ ತನ್ನ ತಂಡ ಕೆಳಗಿನ ವಿಭಾಗಕ್ಕೆ ಜಾರದಿರುವುದು ಮುಖ್ಯ. ಎರಡು ಪಂದ್ಯ ಗೋಲು ಬರದಿದ್ದರೆ ತನ್ನದೇ ಕ್ಲಬ್‌ನ ಆಟಗಾರನನ್ನು ಕಣಕ್ಕಿಳಿಸುತ್ತಾನೆ. ಹ್ಯಾರಿ ಕೇನ್ ಹೀಗೆ ಲೇಟನ್ ಓರಿಯೆಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್ ಎಂದು ನಾಲ್ಕು ಕಡೆ ತಿರುಗಿದವರು. 2013ರ ಮೇ ತಿಂಗಳಲ್ಲಿ, ಇಂಗ್ಲೆಂಡಿನ ಎರಡನೆಯ ವಿಭಾಗದಿಂದ ಮೇಲೇರಲು ಲೆಸ್ಟರ್ ತಂಡ ವಾಟ್‌ಫರ್ಡ್ ವಿರುದ್ಧ ಆಡಿದ ನಿರ್ಣಾಯಕ ಪಂದ್ಯ ಶುರುವಾದಾಗ ಹತ್ತೊಂಬತ್ತರ ಕೇನ್ ಬೆಂಚಿನಲ್ಲಿದ್ದರು. ಜೊತೆಯಲ್ಲಿ ಇಪ್ಪತ್ತಾರರ ಜೇಮಿ ವಾರ್ಡಿ. ಆ ಹೊತ್ತಿಗೆ ಇಬ್ಬರ ಹೆಸರಿನ ಮುಂದಿದ್ದ ಗೋಲಿನ ಲೆಕ್ಕ ನೋಡಿ ಯಾರಾದರೂ ಅವರ ಭವಿಷ್ಯ ಹೇಳಿದ್ದರೆ ಏನು ಹೇಳುತ್ತಿದ್ದರೆಂದು ಊಹಿಸಬಹುದು. ಮೂರು ವರ್ಷಗಳ ನಂತರ, 2015-16ರಲ್ಲಿ, ಕೇನ್ ಟಾಟೆನ್‌ಹ್ಯಾಮ್ ಪರ 25 ಗೋಲು ಹೊಡೆದು ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಪಡೆದರು. ವಾರ್ಡಿ 24 ಗೋಲು ಹೊಡೆದರು, ಸತತ 11 ಪಂದ್ಯಗಳಲ್ಲಿ ಗೋಲು ಹೊಡೆದು ದಾಖಲೆ ಬರೆದರು, ಲೆಸ್ಟರ್ ಲೀಗ್ ಗೆದ್ದಿತು.

ವಾರ್ಡಿ ಅವರ ದಾರಿಯನ್ನು ‘ಕಾಲ್ಪನಿಕ ಕಥೆಯಂತೆ’ ಎಂದು ಬಣ್ಣಿಸುವುದು ರೂಢಿಯಾಗಿಬಿಟ್ಟಿದೆ. ನನಗೆ ಅದರಲ್ಲಿ ವ್ಯವಸ್ಥೆಯ ಕುರುಡುತನವೇ ಹೆಚ್ಚು ಕಾಣುತ್ತದೆ. ಹದಿನಾರರಲ್ಲಿ ಶೆಫೀಲ್ಡ್ ವೆಡ್ನೆಸ್‌ಡೇ ಅವರನ್ನು ಕೈಬಿಟ್ಟಿತು. ಮುಂದೆ ವರ್ಷಗಟ್ಟಲೆ ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್ ಎಂಬ ಅರೆವೃತ್ತಿಪರ ತಂಡದಲ್ಲಿ ಆಡುತ್ತ, ಜೀವನಕ್ಕೆ ಮುರಿದ ಕೈಕಾಲುಗಳಿಗೆ ಕಟ್ಟುವ ಆಧಾರಪಟ್ಟಿ ತಯಾರಿಸುವ ಕಾರ್ಖಾನೆಯಲ್ಲಿ ದುಡಿದರು. 2012ರಲ್ಲಿ ಲೆಸ್ಟರ್ ಅವರನ್ನು ಕೊಂಡಾಗ ಅವರಿಗೆ ಇಪ್ಪತ್ತೈದು. ಸ್ಟ್ರೈಕರ್‌ನ ಉತ್ತಮ ವರ್ಷಗಳೆಂದು ಎಣಿಸುವ ಕಾಲದ ಗಣನೀಯ ಭಾಗ ಆಗಲೇ ಕಳೆದಿತ್ತು. ವಿಕ್ಟರ್ ಗ್ಯೋಕೆರೆಸ್ ಅವರದು ಇದೇ ಜಾಡಿನ ಹೊಸ ಉದಾಹರಣೆ. ಬ್ರೈಟನ್ ಅವರನ್ನು ತಂದು ಪ್ರೀಮಿಯರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿಸದೆ ಸಾಂಕ್ಟ್ ಪೌಲಿ, ಸ್ವಾನ್ಸಿ, ಕವೆಂಟ್ರಿ ಎಂದು ಎರವಲು ಕಳುಹಿಸಿ ಕೊನೆಗೆ ಮಾರಿತು. ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ ಪರ 2024-25ರ ಲೀಗ್‌ನಲ್ಲಿ ಅವರು 39 ಗೋಲು ಹೊಡೆದರು. ಇಸಾಕ್ ಕೂಡ ಹದಿನೇಳರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ಗೆ ಹೋಗಿ, ಅಲ್ಲಿ ಆಡುವ ಅವಕಾಶ ಹೆಚ್ಚು ಸಿಗದೆ, ನೆದರ್‌ಲ್ಯಾಂಡ್ಸ್‌ನ ವಿಲೆಮ್ ತಂಡಕ್ಕೆ ಎರವಲಾಗಿ ಹೋದ ಮೇಲೆಯೇ ಚೇತರಿಸಿಕೊಂಡವರು. ಇವರೆಲ್ಲ ದಡ ಸೇರಿದ್ದರಿಂದ ನಮಗೆ ಹೆಸರು ಗೊತ್ತು. ಇಷ್ಟೇ ಸಾಮರ್ಥ್ಯವಿದ್ದು ಇಪ್ಪತ್ತೆರಡರಲ್ಲಿ ಬೂಟು ಕಳಚಿಟ್ಟವರ ಪಟ್ಟಿ ಯಾರ ಬಳಿಯೂ ಇಲ್ಲ.

ಬೇಗ ಮಿಂಚಿದವರ ಪಾಡೇನೂ ಸುಖದ್ದಲ್ಲ. ಮೈಕೆಲ್ ಓವನ್ ಹದಿನೆಂಟರಲ್ಲಿ, 1998ರ ವಿಶ್ವಕಪ್‌ನಲ್ಲಿ, ಅರ್ಜೆಂಟೀನಾದ ಇಬ್ಬರು ಡಿಫೆಂಡರ್‌ಗಳನ್ನು ಬರೀ ವೇಗದಿಂದ ಹಿಂದಿಕ್ಕಿ ಹೊಡೆದ ಗೋಲನ್ನು ನೋಡಿದವರು ಮರೆಯಲಾರರು. 1999ರ ಏಪ್ರಿಲ್‌ನಲ್ಲಿ ಲೀಡ್ಸ್ ವಿರುದ್ಧ ಓಡುವಾಗ ತೊಡೆಯ ಹಿಂಬದಿಯ ಸ್ನಾಯು ಹರಿಯಿತು. ಆಗ ಅವರಿಗೆ ಹತ್ತೊಂಬತ್ತು. 2001ರಲ್ಲಿ ಬ್ಯಾಲನ್ ಡಿ’ಓರ್ ಬಂದರೂ, ಆ ಗಾಯದ ನಂತರ ತಾನು ಮೊದಲಿನ ಓಟಗಾರನಾಗಿ ಉಳಿಯಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಇನ್ನೂ ಎಲುಬು ಮಾಂಸ ಬಲಿಯದ ಹುಡುಗನನ್ನು ಕ್ಲಬ್ಬೂ ದೇಶವೂ ಪೈಪೋಟಿಯಲ್ಲಿ ಆಡಿಸಿದ್ದರ ಬೆಲೆ ಅದು. ಸ್ಟ್ರೈಕರ್‌ನ ದೇಹಕ್ಕೆ ಬೀಳುವ ಏಟಿನ ಸ್ವರೂಪವೇ ಬೇರೆ. ನಿಂತಲ್ಲಿಂದ ಪೂರ್ಣ ವೇಗಕ್ಕೆ ಜಿಗಿಯುವುದು, ತಟ್ಟನೆ ನಿಂತು ತಿರುಗುವುದು, ಗೋಲಿಗೆ ಬೆನ್ನು ಹಾಕಿ ನಿಂತಾಗ ಹಿಂದಿನಿಂದ ಬರುವ ಕಾಲನ್ನು ಕಾಣದೆ ತಡೆದುಕೊಳ್ಳುವುದು. ಮಾರ್ಕೊ ವಾನ್ ಬಾಸ್ಟನ್ ಮೂರು ಬಾರಿ ಬ್ಯಾಲನ್ ಡಿ’ಓರ್ ಗೆದ್ದು, ಪಾದದ ಗಂಟಿನ ಗಾಯದಿಂದಾಗಿ 28ರಲ್ಲಿ ಕೊನೆಯ ಪಂದ್ಯ ಆಡಿದರು. 1958ರ ಒಂದೇ ವಿಶ್ವಕಪ್‌ನಲ್ಲಿ 13 ಗೋಲು ಹೊಡೆದ ಜಸ್ಟ್ ಫೊಂಟೇನ್ ಕೂಡ ಕಾಲಿನ ಮೂಳೆ ಮುರಿತದಿಂದ 28ಕ್ಕೇ ಆಟ ನಿಲ್ಲಿಸಬೇಕಾಯಿತು. ದಾಖಲೆ ಬೆಲೆಯ ಇಸಾಕ್ ಲಿವರ್‌ಪೂಲ್ ಸೇರಿದ ವರ್ಷವೇ, ಡಿಸೆಂಬರ್‌ನಲ್ಲಿ, ಟಾಟೆನ್‌ಹ್ಯಾಮ್ ವಿರುದ್ಧ ಗೋಲು ಹೊಡೆದ ಅದೇ ಗಳಿಗೆಯಲ್ಲಿ ಎದುರಾಳಿಯ ಕಾಲಿಗೆ ಸಿಕ್ಕಿ ಮೂಳೆ ಮುರಿದುಕೊಂಡರು.

ಮಹಿಳಾ ಫುಟ್‌ಬಾಲ್‌ನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಸಾಧ್ಯತೆ ಪುರುಷರಿಗಿಂತ ಮಹಿಳೆಯರಿಗೆ ಹೆಚ್ಚೆಂಬುದು ಸಂಶೋಧನೆಗಳಿಂದ ಸ್ಥಿರಪಟ್ಟಿದೆ. 2018ರಲ್ಲಿ ಮಹಿಳೆಯರ ಮೊದಲ ಬ್ಯಾಲನ್ ಡಿ’ಓರ್ ಪಡೆದ ಆಡಾ ಹೆಗರ್‌ಬರ್ಗ್ 2020ರ ಜನವರಿಯಲ್ಲಿ ಗಾಯಗೊಂಡು ಅಂಗಳಕ್ಕೆ ಮರಳಿದ್ದು 2021ರ ಅಕ್ಟೋಬರ್‌ನಲ್ಲಿ. 2022ರ ನವೆಂಬರ್‌ನಲ್ಲಿ ಆರ್ಸೆನಲ್‌ನ ಬೆತ್ ಮೀಡ್, ಡಿಸೆಂಬರ್‌ನಲ್ಲಿ ಅದೇ ತಂಡದ ವಿವಿಯಾನ್ ಮೀಡೆಮಾ, 2024ರ ಜನವರಿಯಲ್ಲಿ ಚೆಲ್ಸಿಯ ಸ್ಯಾಮ್ ಕೆರ್ ಇದೇ ಗಾಯಕ್ಕೆ ತುತ್ತಾದರು. ಇವರು ಜಗತ್ತಿನ ಮುಂಚೂಣಿಯ ಗೋಲುಗಾರ್ತಿಯರು. ಒಳ್ಳೆಯ ವೈದ್ಯರೂ ದೀರ್ಘ ಒಪ್ಪಂದಗಳೂ ಅವರಿಗಿದ್ದವು. ಕಡಿಮೆ ಸಂಬಳದ, ಒಂದು ವರ್ಷದ ಒಪ್ಪಂದದ ಮೇಲೆ ಆಡುವ ಸ್ಟ್ರೈಕರ್‌ಗೆ ಒಂದು ವರ್ಷದ ಗಾಯವೆಂದರೆ ಒಪ್ಪಂದವೇ ಮುಗಿದಂತೆ. ಮರಳಿ ಬಂದವಳನ್ನು ಮತ್ತೆ ಮೊದಲ ಹತ್ತು ಪಂದ್ಯಗಳ ಗೋಲಿನಿಂದಲೇ ಅಳೆಯುತ್ತಾರೆ. ಇದು ನ್ಯಾಯವಲ್ಲ.

ವಯಸ್ಸಿನ ವಿಷಯದಲ್ಲೂ ಮಾರುಕಟ್ಟೆಗೆ ತನ್ನದೇ ತರ್ಕವಿದೆ. ಕ್ಲಬ್ ಕೊಟ್ಟ ವರ್ಗಾವಣೆ ಹಣವನ್ನು ಲೆಕ್ಕಪತ್ರದಲ್ಲಿ ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯಲಾಗುತ್ತದೆ. ಇಪ್ಪತ್ತೈದರ ಆಟಗಾರನನ್ನು ಮೂರು ವರ್ಷ ಆಡಿಸಿ ಮತ್ತೆ ಮಾರಬಹುದು, ಮೂವತ್ಮೂರರವನನ್ನು ಕೊಳ್ಳುವವರಿಲ್ಲ. ಹಾಗಾಗಿ 2021-22ರಲ್ಲಿ ಜರ್ಮನಿಯ ಬಯರ್ನ್ ಪರ ಎಲ್ಲ ಸ್ಪರ್ಧೆಗಳಲ್ಲಿ 50 ಗೋಲು ಹೊಡೆದಿದ್ದ ರಾಬರ್ಟ್ ಲೆವಾಂಡೊವ್ಸ್ಕಿ, 34ಕ್ಕೆ ಕಾಲಿಡುವ ಹೊತ್ತಿಗೆ, 4.5 ಕೋಟಿ ಯೂರೊ ಮೂಲಬೆಲೆಗೆ ಬಾರ್ಸಿಲೋನಾಕ್ಕೆ ಸಿಕ್ಕರು. ಮೊದಲ ವರ್ಷವೇ 23 ಗೋಲು ಹೊಡೆದು ಲೀಗ್‌ನ ಅಗ್ರ ಗೋಲುಗಾರರಾದರು, 2024-25ರಲ್ಲಿ 27 ಹೊಡೆದರು. ಆ ಎರಡೂ ವರ್ಷ ತಂಡ ಲೀಗ್ ಗೆದ್ದಿತು. ವಾರ್ಡಿ 33ನೆಯ ವಯಸ್ಸಿನಲ್ಲಿ ಗೋಲ್ಡನ್ ಬೂಟ್ ಪಡೆದರು. ಲೂಕಾ ಟೋನಿ 2014-15ರಲ್ಲಿ, ವೆರೋನಾದಂಥ ಸಾಧಾರಣ ತಂಡದಲ್ಲಿ, 38ರ ವಯಸ್ಸಿಗೆ ಇಟಲಿಯ ಲೀಗ್‌ನ ಅಗ್ರ ಗೋಲುಗಾರರ ಸ್ಥಾನ ಹಂಚಿಕೊಂಡರು. ವೇಗ ಮೊದಲು ಕೈಕೊಡುತ್ತದೆ, ನಿಜ. ಆದರೆ ಡಿಫೆಂಡರ್‌ನ ತಲೆ ಯಾವ ಕ್ಷಣಕ್ಕೆ ತಿರುಗುತ್ತದೆ ಎಂಬ ಅರಿವು ವಯಸ್ಸಿನೊಂದಿಗೆ ಬಲಿಯುತ್ತದೆಯೇ ಹೊರತು ಸವೆಯುವುದಿಲ್ಲ. ವೇಗವೊಂದನ್ನೇ ನಂಬಿದವರು ಮೂವತ್ತರ ಆಸುಪಾಸಿನಲ್ಲಿ ಕುಸಿಯುತ್ತಾರೆ. ಜಾಗ ಹುಡುಕುವ ಕಲೆಯನ್ನೂ ಹಿಂದೆ ಸರಿದು ಪಾಸ್ ಕೊಡುವುದನ್ನೂ ಮೊದಲೇ ಕಲಿತವರು ಇನ್ನೈದು ವರ್ಷ ಉಳಿಯುತ್ತಾರೆ. ಮೂವತ್ತರ ನಂತರ ಬಯರ್ನ್‌ಗೆ ಬಂದು ಮೊದಲ ಲೀಗ್‌ನಲ್ಲೇ 36 ಗೋಲು ಹೊಡೆದ ಕೇನ್, ಅದಕ್ಕೂ ಬಹಳ ಮೊದಲೇ ಮಿಡ್‌ಫೀಲ್ಡರ್‌ನಂತೆ ಹಿಂದೆ ಬಂದು ಚೆಂಡು ಹಂಚುವುದನ್ನು ರೂಢಿಸಿಕೊಂಡಿದ್ದರು.

ಈ ಹಿನ್ನೆಲೆಯಲ್ಲಿ ನೋಡಿದಾಗ ಮ್ಯಾಂಚೆಸ್ಟರ್ ಸಿಟಿ 2025ರ ಜನವರಿಯಲ್ಲಿ ಎರ್ಲಿಂಗ್ ಹಾಲೆಂಡ್ ಅವರೊಂದಿಗೆ 2034ರವರೆಗೆ ಮಾಡಿಕೊಂಡ ಒಪ್ಪಂದ ಕುತೂಹಲಕರವಾದುದು. 2022-23ರಲ್ಲಿ ಅವರು 36 ಗೋಲು ಹೊಡೆದು, 42 ಪಂದ್ಯಗಳ ಕಾಲದಲ್ಲಿ ಆಂಡಿ ಕೋಲ್ ಮತ್ತು ಅಲನ್ ಶಿಯರರ್ ಸ್ಥಾಪಿಸಿದ್ದ 34 ಗೋಲುಗಳ ಪ್ರೀಮಿಯರ್ ಲೀಗ್ ದಾಖಲೆಯನ್ನು ಮುರಿದಿದ್ದರು. ಮರುವರ್ಷ 27, ಅದರ ಮರುವರ್ಷ 22. ಅಂಕಿಗಳನ್ನಷ್ಟೇ ಸಾಲಾಗಿಟ್ಟರೆ ಅದು ಇಳಿಜಾರು. ಒಪ್ಪಂದಕ್ಕೆ ಸಹಿ ಬಿದ್ದದ್ದು ಆ ಮೂರನೆಯ ಋತುವಿನ ನಡುವೆ, ತಂಡ ವರ್ಷಗಳಲ್ಲೇ ಕಾಣದಷ್ಟು ಸೋಲುಗಳನ್ನು ಕಂಡಿದ್ದಾಗ. ಕ್ಲಬ್ ಆ ಇಳಿಕೆಯನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಅದು ಸರಿಯಾದ ನಿರ್ಧಾರ. ಗಾಯದಿಂದ ಹೊರಗುಳಿದ ವಾರಗಳು, ಸೊರಗಿದ ಮಿಡ್‌ಫೀಲ್ಡ್, ಸಹಜ ಏರಿಳಿತ, ಇವೆಲ್ಲ ಸೇರಿ 36 ಮತ್ತು 22ರ ನಡುವಿನ ಅಂತರದ ದೊಡ್ಡ ಭಾಗವನ್ನು ವಿವರಿಸುತ್ತವೆ. ಆದರೆ ಒಪ್ಪಂದ ಮುಗಿಯುವಾಗ ಅವರು 34ರ ಹೊಸ್ತಿಲಲ್ಲಿರುತ್ತಾರೆ, ಅವರ ಆಟವಾದರೋ ಇಂದಿಗೂ ಬಲ ಮತ್ತು ವೇಗವನ್ನು ಬಹುವಾಗಿ ನೆಚ್ಚಿದೆ. ಅಷ್ಟು ದೀರ್ಘಕಾಲ ಅವರನ್ನು ಉಳಿಸಿಕೊಳ್ಳುವ ಇರಾದೆಯಿದ್ದರೆ, ಬೆಂಜೆಮಾ ಮತ್ತು ಕೇನ್ ಮಾಡಿದ ಮಾರ್ಪಾಡನ್ನು ಕಾಲು ಸೋತ ಮೇಲೆ ಶುರುಮಾಡಿದರೆ ಸಾಲದು. 27, 28ರಲ್ಲಿ, ಗೋಲುಗಳು ಇನ್ನೂ ಧಾರಾಳವಾಗಿ ಬರುತ್ತಿರುವಾಗಲೇ ಶುರುಮಾಡಬೇಕಾಗುತ್ತದೆ. ಆ ಕಲಿಕೆಯ ವರ್ಷಗಳಲ್ಲಿ ಗೋಲಿನ ಲೆಕ್ಕ ಒಂದಿಷ್ಟು ತಗ್ಗಬಹುದು, ಆಗ ಕ್ಲಬ್ಬೂ ಪ್ರೇಕ್ಷಕರೂ ಅದನ್ನು ಕುಸಿತವೆಂದು ಓದದೆ ತಾಳಿಕೊಳ್ಳಬೇಕು.